ಗರ್ಭದಲ್ಲಿ ಮೊದಲು ಮೂಡುವ ಅಂಗ

ಮಾರಿಕುಪ್ಪಂ ಸೀಮೆಯ ಚಿನ್ನದ ಗಣಿಗಳಲ್ಲಿ ಮನುಷ್ಯನು ದೀಪ ಹಿಡಿದು ಭೂಗರ್ಭದೊಳಕ್ಕೆ ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕಿಳಿದನು. ತಾಯಿಯ ಗರ್ಭವಾದರೋ ಬಹುಕಾಲ ಅವನ ಕಣ್ಣಿಗೆ ಅಗೋಚರವಾಗಿಯೇ ಇದ್ದಿತು.

ಅಲ್ಲಿ ಮೊದಲು ಮೂಡುವ ಅಂಗ ಯಾವುದೆಂಬ ವಾದವು ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಬಂದಿದೆ. ಶಿರಸ್ಸೆಂದು ಶೌನಕನೂ, ಹೃದಯವೆಂದು ಕೃತವೀರ್ಯನೂ, ನಾಭಿಯೆಂದು ಪಾರಾಶರ್ಯನೂ, ಕೈಕಾಲುಗಳೆಂದು ಮಾರ್ಕಂಡೇಯನೂ ಹೇಳಿದರು. ಧನ್ವಂತರಿಯು ಇವನ್ನೊಪ್ಪದೆ, ಬಿದಿರಿನ ಮೊಳಕೆಯಲ್ಲಿರುವಂತೆ ಎಲ್ಲ ಅಂಗಗಳೂ ಒಮ್ಮೆಗೇ ಹುಟ್ಟುವುವು, ಸೂಕ್ಷ್ಮವಾದುದರಿಂದ ತೋರವು ಎಂದನು. ನಾಲ್ಕನೆಯ ತಿಂಗಳಲ್ಲಿ ಶಿಶುವಿನ ಹೃದಯವು ವ್ಯಕ್ತವಾಗಿ ತಾಯಿಯು ‘ದೌಹೃದಿನಿ’, ಎಂದರೆ ಎರಡು ಹೃದಯವುಳ್ಳವಳು, ಎನಿಸುವಳೆಂದೂ, ಆಗ ಅವಳ ಬಯಕೆಯನ್ನು ತೀರಿಸಬೇಕೆಂದೂ ಆ ಗ್ರಂಥದ ಮತ.

ಸೂಕ್ಷ್ಮವನ್ನು ತೋರಿಸುವ ಕಣ್ಣು ದೊರೆತುದು ತಡವಾಗಿ. ೧೮೨೭ರಲ್ಲಿ ಫಾನ್ ಬೇರ್ ಎಂಬ ವಿದ್ವಾಂಸನು ಸಸ್ತನಿಗಳ ಅಂಡವನ್ನು ಗುರುತಿಸಿದನು. ನೂರು ವರ್ಷಗಳ ತರುವಾಯ, ೧೯೨೭ರಲ್ಲಿ, ಬೆಂಗಳೂರು ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣರಾಯರು ನಮ್ಮ ನಾಡಿನ ಕಾಡುಪಾಪದ ಅಂಡಾಶಯವನ್ನೂ ಅಂಡವನ್ನೂ ಕುರಿತ ಸಂಶೋಧನೆಯನ್ನು ಪ್ರಕಟಿಸಿದರು.

ಈಗ ತಿಳಿದಿರುವಂತೆ ಅಂಗಗಳು ಒಮ್ಮೆಗೇ ಹುಟ್ಟವು. ಒಂದೊಂದಾಗಿ ಕ್ರಮದಿಂದ ಮೂಡುತ್ತವೆ. ಮನುಷ್ಯಶಿಶುವಿನಲ್ಲಿ ಸುಮಾರು ೨೨ನೆಯ ದಿನ ಹೃದಯವು ಮಿಡಿಯತೊಡಗುತ್ತದೆ. ನಾಲ್ಕನೆಯ ವಾರದ ಕೊನೆಗೆ ಕೈಕಾಲುಗಳ ಮೊಗ್ಗು ತೋರುತ್ತದೆ. ಎಂಟನೆಯ ವಾರ ಮುಗಿಯುವಷ್ಟರಲ್ಲಿ ಮುಖ್ಯಾವಯವಗಳ ರೂಪ ಬಂದಿರುತ್ತದೆ. ಮೊದಲು ಕೆಲಸಕ್ಕೆ ತೊಡಗುವುದು ಹೃದಯವೇ ಆದುದರಿಂದ ಕೃತವೀರ್ಯನ ಮಾತು ದಿಟಕ್ಕೆ ಸಮೀಪ. ಸೂಕ್ಷ್ಮತೆಯೇ ಅಡ್ಡಿಯೆಂದ ಧನ್ವಂತರಿಯ ಮಾತೂ ಸುಳ್ಳಲ್ಲ.

ಆದಕಾರಣ ಬಸುರಿಯ ಆರೈಕೆಯು ನಾಲ್ಕನೆಯ ತಿಂಗಳ ಬಯಕೆಗಾಗಿ ಕಾಯತಕ್ಕದ್ದಲ್ಲ. ಮನೆಯವರಿಗೆ ಸುದ್ದಿ ತಿಳಿಯುವ ಮೊದಲೇ ಅವಳಲ್ಲಿ ಎರಡನೆಯ ಹೃದಯವು ಮಿಡಿಯುತ್ತಿರುತ್ತದೆ.