ಲೇಟಿ ಹಡಗಿನ ಜೆಸ್ಸಿ ಬ್ರೌನ್

1950ರ ಡಿಸೆಂಬರ್ 4ರ ಮಧ್ಯಾಹ್ನ, ಕೊರಿಯಾದ ಪೂರ್ವ ಕರಾವಳಿಯಾಚೆ ಇದ್ದ ಅಮೆರಿಕದ ವಿಮಾನವಾಹಕ ನೌಕೆ ಲೇಟಿಯಿಂದ ಆರು ಕೋರ್ಸೇರ್ ವಿಮಾನಗಳು ಮೇಲೆದ್ದವು. ಅವುಗಳಲ್ಲಿ ಒಂದು ಜೋಡಿ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಜೋಡಿಯ ಮುಂದಾಳು ಎನ್‌ಸೈನ್ ಜೆಸ್ಸಿ ಲೆರಾಯ್ ಬ್ರೌನ್, ಮಿಸಿಸಿಪ್ಪಿಯ ಕಪ್ಪು ಯುವಕ, ವಯಸ್ಸು 24. ಅವನ ಬೆನ್ನು ಕಾಯುತ್ತ ಹಾರುತ್ತಿದ್ದ ವಿಂಗ್‌ಮನ್ ಥಾಮಸ್ ಹಡ್ನರ್, ಮ್ಯಾಸಚೂಸೆಟ್ಸಿನ ಅನುಕೂಲಸ್ಥ ಮನೆತನದ ಬಿಳಿಯ, ನೌಕಾ ಅಕಾಡೆಮಿಯಲ್ಲಿ ಓದಿ ಬಂದವನು. ದರ್ಜೆಯಲ್ಲಿ ಹಡ್ನರ್ ಒಂದು ಮೆಟ್ಟಿಲು ಮೇಲಿದ್ದ. ಆದರೂ ಆಕಾಶದಲ್ಲಿ ಅವನು ಬ್ರೌನ್ ಹಿಂದೆ ಹಾರಬೇಕಿತ್ತು, ಏಕೆಂದರೆ ಸ್ಕ್ವಾಡ್ರನ್‌ನಲ್ಲಿ ಹಾರಾಟದ ಅನುಭವ ಬ್ರೌನ್‌ಗೆ ಹೆಚ್ಚು. ಅದೇ ದಿನ ಮಿಸಿಸಿಪ್ಪಿಯ ಯಾವುದಾದರೂ ಊರಿನಲ್ಲಿ ಇವರಿಬ್ಬರೂ ಒಂದೇ ಮೇಜಿಗೆ ಕೂತು ಕಾಫಿ ಕುಡಿಯಲು ಹೋಗಿದ್ದರೆ ಎಬ್ಬಿಸಿ ಕಳಿಸುತ್ತಿದ್ದರು.

ಈ ಕಥೆ ನಮ್ಮ ಸ್ಮರಣ ಸಂಚಿಕೆಗೆ ಏಕೆ ಎಂದು ಕೇಳುವವರಿರಬಹುದು. ಅಮೆರಿಕದಲ್ಲಿ ನಾವು ಹೊರತರುವ ಸಂಚಿಕೆಗಳಲ್ಲಿ ನಮ್ಮವರ ಕಥೆಗಳೇ ತುಂಬಿರುತ್ತವೆ, ಇರಲೂ ಬೇಕು. ಮೊದಲು ಬಂದ ವೈದ್ಯರು, ಎಂಜಿನಿಯರುಗಳು, ಯಾರದೋ ಮನೆಯ ಬೇಸ್‌ಮೆಂಟಿನಲ್ಲಿ ನಡೆದ ಮೊದಲ ಯುಗಾದಿ, ಮಕ್ಕಳಿಗೆ ಅ ಆ ಇ ಈ ಕಲಿಸಲು ಹಿರಿಯರು ಪಟ್ಟ ಪಾಡು. ಅವರಲ್ಲಿ ಬಹುಪಾಲು ಜನ ಇಲ್ಲಿ ನೆಲೆಯೂರುವುದು ಸಾಧ್ಯವಾದದ್ದು 1965ರ ವಲಸೆ ಕಾಯಿದೆಯಿಂದ. ಹುಟ್ಟಿದ ದೇಶ ನೋಡಿ ಜನರನ್ನು ಒಳಗೆ ಬಿಡುವ ಹಳೆಯ ಕೋಟಾ ಪದ್ಧತಿಯನ್ನು ಅದು ಕಿತ್ತುಹಾಕಿತು. ಅದಕ್ಕೆ ಒಂದು ವರ್ಷ ಮೊದಲು ನಾಗರಿಕ ಹಕ್ಕುಗಳ ಕಾಯಿದೆ ಬಂದಿತ್ತು. ಅದಿಲ್ಲದೆ ಇದು ಬರುತ್ತಿರಲಿಲ್ಲ ಎಂದೇ ನಾನು ನಂಬಿದ್ದೇನೆ. ಆ ಹಕ್ಕುಗಳ ಹೋರಾಟ ಬೀದಿಗಿಳಿಯುವುದಕ್ಕೂ ಮೊದಲು, ಮುಚ್ಚಿದ ಒಂದೊಂದೇ ಬಾಗಿಲಿನ ಮುಂದೆ ಒಂಟಿಯಾಗಿ ನಿಂತು ತಟ್ಟಿದವರಿದ್ದರು. ಅವರಲ್ಲಿ ಬ್ರೌನ್ ಒಬ್ಬ.

ಅವನು ಹುಟ್ಟಿದ್ದು 1926ರ ಅಕ್ಟೋಬರ್ 13ರಂದು, ಹ್ಯಾಟಿಸ್‌ಬರ್ಗ್‌ನಲ್ಲಿ. ತಾಯಿ ಜೂಲಿಯಾ ಶಾಲೆಯಲ್ಲಿ ಪಾಠ ಹೇಳಿದವಳು. ತಂದೆ ಜಾನ್ ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸ ಕಳೆದುಕೊಂಡು ಪರರ ಹೊಲದಲ್ಲಿ ಕೋರಿನ ಬೇಸಾಯಕ್ಕೆ ನಿಂತ. ನಮ್ಮ ಕಡೆ ಕೋರಿಗೆ ಉತ್ತು ಬಂದವರಿಗೆ ಹೇಳಬೇಕಿಲ್ಲ: ದುಡಿಮೆ ಪೂರ್ತಿ ತಮ್ಮದು, ಬೆಳೆಯಲ್ಲಿ ಮಾತ್ರ ಪಾಲು. ಆರು ವರ್ಷದ ಹುಡುಗನನ್ನು ತಂದೆ ಒಮ್ಮೆ ವಿಮಾನ ಪ್ರದರ್ಶನಕ್ಕೆ ಕರೆದುಕೊಂಡು ಹೋದ. ಅಲ್ಲಿಂದ ಮುಂದೆ ಹುಡುಗನ ತಲೆಯಲ್ಲಿ ಬೇರೇನೂ ಉಳಿಯಲಿಲ್ಲ. ಊರಿನ ಹತ್ತಿರ ಒಂದು ಮಣ್ಣಿನ ವಿಮಾನಪಟ್ಟಿ ಇತ್ತು. ಅಲ್ಲಿಂದ ಓಡಿಸಿದರೂ ಮತ್ತೆ ಹೋಗಿ ನಿಲ್ಲುತ್ತಿದ್ದ. ಕಪ್ಪು ಜನರ ಪತ್ರಿಕೆ ‘ಪಿಟ್ಸ್‌ಬರ್ಗ್ ಕೊರಿಯರ್’ ಹಂಚುವ ಕೆಲಸ ಸಿಕ್ಕಿದಾಗ, ತನ್ನ ಬಣ್ಣದವರಲ್ಲೂ ಬೆಸ್ಸಿ ಕೋಲ್ಮನ್, ಯೂಜೀನ್ ಬುಲ್ಲಾರ್ಡ್ ಎಂಬ ಹಾರಾಟಗಾರರು ಇದ್ದಾರೆಂದು ಅದರ ಪುಟಗಳಿಂದ ತಿಳಿದುಕೊಂಡ. 1937ರಲ್ಲಿ ಅವನು ನೇರವಾಗಿ ಅಧ್ಯಕ್ಷ ರೂಸ್‌ವೆಲ್ಟ್‌ಗೇ ಒಂದು ಪತ್ರ ಬರೆದ. ಸೇನೆಯ ವಿಮಾನದಳಕ್ಕೆ ಕಪ್ಪು ಜನರನ್ನು ಏಕೆ ಸೇರಿಸಿಕೊಳ್ಳುವುದಿಲ್ಲ, ಇದು ಅನ್ಯಾಯವಲ್ಲವೇ ಎಂಬುದು ಅದರ ಸಾರ. ನಿಮ್ಮ ಅಭಿಪ್ರಾಯವನ್ನು ಗೌರವಿಸುತ್ತೇವೆ ಎಂದು ಶ್ವೇತಭವನದಿಂದ ಉತ್ತರವೂ ಬಂತು.

1944ರಲ್ಲಿ ಹೈಸ್ಕೂಲು ಮುಗಿಸಿದಾಗ ಅವನು ತರಗತಿಗೆ ಎರಡನೆಯವನು. ಕಪ್ಪು ಜನರಿಗೆಂದೇ ಇರುವ ಕಾಲೇಜಿಗೆ ಹೋಗು ಎಂದು ಹಿತೈಷಿಗಳು ಹೇಳಿದರು. ಆದರೆ ಅವನ ಆರಾಧ್ಯದೈವ, ಓಟಗಾರ ಜೆಸ್ಸಿ ಓವೆನ್ಸ್ ಓದಿದ್ದು ಓಹಾಯೋ ಸ್ಟೇಟ್‌ನಲ್ಲಿ. ಅವನೂ ಅಲ್ಲಿಗೇ ಹೋದ. ಹಗಲು ವಾಸ್ತುಶಿಲ್ಪ ಎಂಜಿನಿಯರಿಂಗ್ ಪಾಠ, ಸಂಜೆಯಿಂದ ನಡುರಾತ್ರಿಯವರೆಗೆ ಪೆನ್ಸಿಲ್ವೇನಿಯಾ ರೈಲ್ವೆಯ ಗೂಡ್ಸ್ ಬೋಗಿಗಳಿಗೆ ಸಾಮಾನು ತುಂಬುವ ಕೆಲಸ. ವಿಶ್ವವಿದ್ಯಾಲಯದ ವಿಮಾನ ತರಬೇತಿಗೆ ಹಾಕಿದ ಅರ್ಜಿಗಳು ಬಣ್ಣದ ಕಾರಣಕ್ಕೆ ತಿರಸ್ಕೃತವಾದವು. 1946ರಲ್ಲಿ ಅವನು ನೌಕಾಪಡೆಯ ಮೀಸಲು ದಳ ಸೇರಿದ.

ಆ ಕಾಲದ ನೌಕಾಪಡೆ ಎಂಥದೆಂದು ಸ್ವಲ್ಪ ಹೇಳಬೇಕು. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಅಲ್ಲಿ ಹೊಸದಾಗಿ ಸೇರುವ ಕಪ್ಪು ಯುವಕನಿಗೆ ಸಿಗುತ್ತಿದ್ದದ್ದು ಒಂದೇ ಕೆಲಸ: ಅಧಿಕಾರಿಗಳಿಗೆ ಊಟ ಬಡಿಸುವುದು, ಅವರ ಬೂಟು ಒರೆಸುವುದು, ಹಾಸಿಗೆ ಸರಿಮಾಡುವುದು. ಪರ್ಲ್ ಹಾರ್ಬರ್ ದಾಳಿಯ ದಿನ ಮೆಷಿನ್‌ಗನ್ ಹಿಡಿದು ಹೋರಾಡಿ ನೇವಿ ಕ್ರಾಸ್ ಪಡೆದ ಡೋರಿಸ್ ಮಿಲ್ಲರ್ ಕೂಡ ಅಡುಗೆ ವಿಭಾಗದ ಸಹಾಯಕ. ಆ ಬಂದೂಕಿನ ತರಬೇತಿ ಅವನಿಗೆ ಯಾರೂ ಕೊಟ್ಟಿರಲಿಲ್ಲ. 1943ರ ನವೆಂಬರಿನಲ್ಲಿ ಲಿಸ್ಕಮ್ ಬೇ ಹಡಗು ಮುಳುಗಿದಾಗ ಅವನೂ ಸತ್ತ. 1942ರ ಜೂನ್‌ನಿಂದ ಕಪ್ಪು ಯುವಕರಿಗೆ ಬೇರೆ ಕೆಲಸಗಳಿಗೂ ಅವಕಾಶ ಸಿಕ್ಕಿತು. 1944ರ ಮಾರ್ಚ್‌ನಲ್ಲಿ ಹದಿಮೂರು ಕಪ್ಪು ಅಧಿಕಾರಿಗಳ ಮೊದಲ ತಂಡ ಹೊರಬಂತು. ಆದರೂ ಯುದ್ಧ ಮುಗಿದ ಮೇಲೆ ಹಡಗುಗಳ ಊಟದ ಮನೆಗಳಲ್ಲಿ ಬಡಿಸುವವರು ಬಹುತೇಕ ಕಪ್ಪು ಜನರೇ. ಸೇನಾಪಡೆಗಳಲ್ಲಿ ಸಮಾನ ಅವಕಾಶ ಇರಬೇಕೆಂದು ಅಧ್ಯಕ್ಷ ಟ್ರೂಮನ್ ಆಜ್ಞೆ ಹೊರಡಿಸಿದ್ದು 1948ರ ಜುಲೈ 26ರಂದು. ಆ ಹೊತ್ತಿಗೆ ಬ್ರೌನ್ ಆಗಲೇ ತರಬೇತಿಯಲ್ಲಿದ್ದ. ಆಜ್ಞೆಗಾಗಿ ಅವನು ಕಾದು ಕೂತಿರಲಿಲ್ಲ.

ಇಲಿನಾಯ್‌ನ ಗ್ಲೆನ್‌ವ್ಯೂ, ಅಯೋವಾದ ಒಟಮ್ವಾ, ಕೊನೆಗೆ ಫ್ಲಾರಿಡಾದ ಪೆನ್ಸಕೋಲಾ: ತರಬೇತಿ ನಡೆದದ್ದು ಈ ಊರುಗಳಲ್ಲಿ. ದಕ್ಷಿಣಕ್ಕೆ ಬಂದಷ್ಟೂ ಚುಚ್ಚುಮಾತು ಹೆಚ್ಚಿತು. ತರಬೇತಿ ಮುಗಿಯುವವರೆಗೆ ಕೆಡೆಟ್‌ಗಳು ಮದುವೆಯಾಗುವಂತಿರಲಿಲ್ಲ. ಆದರೂ 1947ರಲ್ಲಿ ಅವನು ಊರಿನ ಹುಡುಗಿ ಡೇಸಿ ಪರ್ಲ್ ನಿಕ್ಸ್‌ಳನ್ನು ಗುಟ್ಟಾಗಿ ಮದುವೆಯಾದ. ಅವಳು ನೆಲೆಯ ಹೊರಗೆ ಒಂದು ಕೋಣೆ ಬಾಡಿಗೆಗೆ ಹಿಡಿದಳು, ಭೇಟಿ ವಾರಾಂತ್ಯಕ್ಕೆ. ಸಿಕ್ಕಿಬಿದ್ದಿದ್ದರೆ ಅಲ್ಲಿಯವರೆಗಿನ ಶ್ರಮವೆಲ್ಲ ನೀರುಪಾಲು. ಗಂಡಹೆಂಡಿರಿಬ್ಬರೂ ಆ ಗುಟ್ಟನ್ನು ಕಾಪಾಡಿಕೊಂಡ ಗಟ್ಟಿತನಕ್ಕೆ ನನಗೆ ಬಹಳ ಗೌರವ.

1948ರ ಅಕ್ಟೋಬರ್ 21ರಂದು ಅವನ ಎದೆಯ ಮೇಲೆ ಚಿನ್ನದ ಬಣ್ಣದ ರೆಕ್ಕೆ ಬಂತು. ನೌಕಾಪಡೆಯ ಹಾರಾಟ ತರಬೇತಿಯನ್ನು ಪೂರೈಸಿದ ಮೊದಲ ಆಫ್ರಿಕನ್ ಅಮೆರಿಕನ್ ಎಂದು ಪತ್ರಿಕೆಗಳು ಬರೆದವು, ‘ಲೈಫ್’ ಅವನ ಚಿತ್ರ ಹಾಕಿತು. ಆ ವರ್ಷದ ಡಿಸೆಂಬರಿನಲ್ಲಿ ಮಗಳು ಪಮೇಲಾ ಹುಟ್ಟಿದಳು. 1949ರಲ್ಲಿ ಎನ್‌ಸೈನ್ ಹುದ್ದೆ, ರೋಡ್ ಐಲೆಂಡ್‌ನ ಕ್ವಾನ್ಸೆಟ್ ಪಾಯಿಂಟ್‌ನಲ್ಲಿದ್ದ 32ನೇ ಫೈಟರ್ ಸ್ಕ್ವಾಡ್ರನ್, ಲೇಟಿ ಹಡಗು.

‘ಮೊದಲಿಗ’ ಎಂಬ ಬಿರುದಿನ ಅಬ್ಬರದಲ್ಲಿ ಮರೆತುಹೋಗುವ ಸಂಗತಿಯೊಂದಿದೆ. ಹಡಗಿನ ಮೇಲೆ ವಿಮಾನ ಇಳಿಸುವುದು ಹುಡುಗಾಟವಲ್ಲ. ಲೇಟಿಯ ಅಟ್ಟ ಇಂದಿನ ವಾಹಕ ನೌಕೆಗಳಂತೆ ಓರೆಯಾಗಿರಲಿಲ್ಲ, ನೇರವಾಗಿತ್ತು. ಇಳಿದ ವಿಮಾನದ ಬಾಲದ ಕೊಕ್ಕೆ ಅಡ್ಡ ಕಟ್ಟಿದ ಉಕ್ಕಿನ ಹಗ್ಗಕ್ಕೆ ಸಿಗದಿದ್ದರೆ ಮುಂದೆ ತಡೆಬೇಲಿ, ಅದರಾಚೆ ನಿಂತ ವಿಮಾನಗಳು ಮತ್ತು ಮನುಷ್ಯರು. ಅದರಲ್ಲೂ ಕೋರ್ಸೇರ್ ಎಂಬುದು ಹಟಮಾರಿ ವಿಮಾನ. ಹದಿನೆಂಟು ಸಿಲಿಂಡರಿನ, 2,000 ಅಶ್ವಶಕ್ತಿ ಮೀರಿದ ಎಂಜಿನ್. ಅದರ ದೊಡ್ಡ ಪ್ರೊಪೆಲ್ಲರ್ ನೆಲಕ್ಕೆ ತಾಗದಿರಲೆಂದು ರೆಕ್ಕೆಗಳನ್ನೇ ಬುಡದಲ್ಲಿ ಕೆಳಕ್ಕೆ ಬಗ್ಗಿಸಿದ್ದರು. ಮೂಗು ಎಷ್ಟು ಉದ್ದವೆಂದರೆ ಇಳಿಯುವ ಕೊನೆಯ ಗಳಿಗೆಯಲ್ಲಿ ಪೈಲಟ್‌ಗೆ ಅಟ್ಟವೇ ಸರಿಯಾಗಿ ಕಾಣುತ್ತಿರಲಿಲ್ಲ. ಹಡಗಿನ ಹಿಂಬದಿಯ ಅಂಚಿನಲ್ಲಿ ಎರಡೂ ಕೈಯಲ್ಲಿ ಹಲಗೆ ಹಿಡಿದು ಸನ್ನೆ ಮಾಡುವ ಅಧಿಕಾರಿಯನ್ನು ನಂಬಿಯೇ ಇಳಿಯಬೇಕು. ಸಮುದ್ರ ಯಾರ ಬಣ್ಣವನ್ನೂ ನೋಡುವುದಿಲ್ಲ. ಈ ವಿದ್ಯೆಯಲ್ಲಿ ಪಳಗಿದ್ದಕ್ಕೇ ಬ್ರೌನ್ ಜೋಡಿಯ ಮುಂದಾಳಾದ. ಅವನಿಗೆ ಯಾರೂ ಬಿಟ್ಟುಕೊಟ್ಟ ಜಾಗ ಅದಲ್ಲ.

ಹಡ್ನರ್ ಮುಂದೆ ಹಲವು ಸಲ ಹೇಳಿಕೊಂಡ ಒಂದು ನೆನಪಿದೆ. 1949ರ ಕೊನೆಯಲ್ಲಿ ಅವನು ಸ್ಕ್ವಾಡ್ರನ್‌ಗೆ ಹೊಸಬನಾಗಿ ಬಂದಾಗ ಬಟ್ಟೆ ಬದಲಿಸುವ ಕೋಣೆಗೆ ಬ್ರೌನ್ ಬಂದನಂತೆ. ತಲೆಯಾಡಿಸಿ ನಮಸ್ಕರಿಸಿದ, ಕೈ ಮಾತ್ರ ಮುಂದೆ ಚಾಚಲಿಲ್ಲ. ಚಾಚಿದ ಕೈಯನ್ನು ಬಿಳಿಯನೊಬ್ಬ ಹಿಡಿಯದೆ ಹೋದರೆ ಇಬ್ಬರಿಗೂ ಮುಜುಗರ, ಅದಕ್ಕೇ ಅವನು ಹಾಗೆ ಮಾಡಿದ ಎಂದು ಹಡ್ನರ್‌ಗೆ ಹೊಳೆಯಿತು. ತಾನೇ ಹೋಗಿ ಕೈ ಕುಲುಕಿದ. ಎದುರಿನವನಿಗೆ ಅವಮಾನವಾಗದಂತೆ ತನ್ನ ಕೈಯನ್ನು ತಾನೇ ಹಿಂದಕ್ಕಿಟ್ಟುಕೊಂಡು ಬಾಳಿದ ಮನುಷ್ಯನ ಇಪ್ಪತ್ತಮೂರು ವರ್ಷಗಳು ಆ ಒಂದು ಕ್ಷಣದಲ್ಲಿ ನನಗೆ ಕಾಣುತ್ತವೆ.

1950ರ ಜೂನ್ 25ರಂದು ಕೊರಿಯಾ ಯುದ್ಧ ಆರಂಭವಾದಾಗ ಲೇಟಿ ಮೆಡಿಟರೇನಿಯನ್ ಸಮುದ್ರದಲ್ಲಿತ್ತು. ಅಕ್ಟೋಬರ್ ಹೊತ್ತಿಗೆ ಅದು ಕೊರಿಯಾ ತಲುಪಿತು. ನವೆಂಬರ್ 27ರ ರಾತ್ರಿ ಚೋಸಿನ್ ಜಲಾಶಯದ ಸುತ್ತ ಚೀನಾದ ಸೇನೆ ಮುಗಿಬಿದ್ದು ಅಮೆರಿಕದ ಮೆರೀನ್ ಸೈನಿಕರನ್ನು ಬೆಟ್ಟಗಳ ನಡುವೆ ಕಟ್ಟಿಹಾಕಿತು. ಚಳಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ. ನೆಲದಲ್ಲಿದ್ದವರಿಗೆ ಆಸರೆ ಎಂದರೆ ಹಡಗುಗಳಿಂದ ಬರುವ ವಿಮಾನಗಳು. ಕೆಳಗೆ ಸಿಕ್ಕಿಬಿದ್ದಿದ್ದ ಆ ಸೈನಿಕರಿಗಾಗಿ ಬ್ರೌನ್ ಮತ್ತೆ ಮತ್ತೆ ಹಾರಿದ. ಅವನ ಯುದ್ಧ ಹಾರಾಟಗಳ ಲೆಕ್ಕ 20. ಡಿಸೆಂಬರ್ 3ರ ರಾತ್ರಿ ಡೇಸಿಗೆ ಪತ್ರ ಬರೆದು ಮಲಗಿದ.

ಮರುದಿನ ಬೆಟ್ಟಗಳ ಮೇಲೆ ತೀರ ತಗ್ಗಿನಲ್ಲಿ ಹಾರುತ್ತಿದ್ದಾಗ ಅವನ ವಿಮಾನದಿಂದ ಏನೋ ಸೋರುತ್ತಿರುವುದು ಸಂಗಾತಿಗಳಿಗೆ ಕಂಡಿತು. ನೆಲದಿಂದ ಹಾರಿದ ಗುಂಡು ತಗುಲಿ ಎಂಜಿನ್ ಸೋಲುತ್ತಿತ್ತು. ಹಿಮ ತುಂಬಿದ ಬಯಲೊಂದನ್ನು ನೋಡಿ ಅವನು ಚಕ್ರವಿಲ್ಲದೆ ವಿಮಾನವನ್ನು ನೆಲಕ್ಕೆ ಕೂಡಿಸಿದ. ಬಡಿತಕ್ಕೆ ವಿಮಾನದ ಒಡಲು ಮಡಚಿಕೊಂಡಿತು, ಕಾಲು ಅದರಡಿ ಸಿಕ್ಕಿತು. ಅವನು ಸತ್ತನೆಂದೇ ಮೇಲಿದ್ದವರು ಅಂದುಕೊಂಡರು. ಅಷ್ಟರಲ್ಲಿ ಗಾಜಿನ ಮುಚ್ಚಳ ಸರಿದು ಒಂದು ಕೈ ಬೀಸಿತು. ಎಂಜಿನ್‌ನಿಂದ ಹೊಗೆ ಏಳುತ್ತಿತ್ತು.

ಹಡ್ನರ್ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ತನ್ನ ವಿಮಾನವನ್ನೂ ಅದೇ ಬಯಲಿನಲ್ಲಿ ಬೇಕೆಂದೇ ಹೊಟ್ಟೆಯ ಮೇಲೆ ಬೀಳಿಸಿ, ಶತ್ರುಗಳಿದ್ದ ನೆಲದಲ್ಲಿ ಹಿಮ ತುಳಿಯುತ್ತ ಗೆಳೆಯನ ಹತ್ತಿರ ಹೋದ. ಎಳೆದ, ಆಗಲಿಲ್ಲ. ಬೊಗಸೆಯಲ್ಲಿ ಹಿಮ ಬಾಚಿ ಎಂಜಿನ್‌ಗೆ ಸುರಿದ. ಉಣ್ಣೆ ಟೋಪಿಯನ್ನು ಬ್ರೌನ್‌ನ ತಲೆಗೆ ತೊಡಿಸಿ, ಮರಗಟ್ಟಿದ ಕೈಗಳಿಗೆ ಬಟ್ಟೆ ಸುತ್ತಿದ. ಚಾರ್ಲ್ಸ್ ವಾರ್ಡ್ ಎಂಬ ಪೈಲಟ್ ಹೆಲಿಕಾಪ್ಟರಿನಲ್ಲಿ ಕೊಡಲಿ ಹಿಡಿದು ಬಂದ. ಲೋಹದ ಮೇಲೆ ಕೊಡಲಿ ಪುಟಿಯಿತೇ ಹೊರತು ಒಳಗಿಳಿಯಲಿಲ್ಲ. ಕಾಲು ಕತ್ತರಿಸಿಯಾದರೂ ತೆಗೆಯಿರಿ ಎಂದು ಬ್ರೌನ್ ತಾನೇ ಕೇಳಿದ. ಅಷ್ಟು ನೋವಿನಲ್ಲೂ ಅವನು ನರಳಲಿಲ್ಲ ಎಂದು ಹಡ್ನರ್ ಹೇಳಿದ್ದಾನೆ. ಡೇಸಿಯ ಮೇಲೆ ತನಗಿರುವ ಪ್ರೀತಿಯನ್ನು ಅವಳಿಗೆ ತಿಳಿಸು ಎಂಬುದು ಅವನು ಒಪ್ಪಿಸಿದ ಕೊನೆಯ ಮಾತು. ಕತ್ತಲಾದರೆ ಆ ಹೆಲಿಕಾಪ್ಟರ್ ಬೆಟ್ಟ ದಾಟುವಂತಿರಲಿಲ್ಲ. ಮತ್ತೆ ಬರುತ್ತೇವೆ ಎಂದು ಹೇಳಿ ಹಡ್ನರ್ ಹೊರಟ. ಅಷ್ಟು ಹೊತ್ತಿಗೆ ಬ್ರೌನ್‌ಗೆ ಎಚ್ಚರವಿರಲಿಲ್ಲ.

ಇನ್ನಷ್ಟು ಜೀವ ಹೋಗಬಹುದೆಂದು ಹಡಗಿನ ಕ್ಯಾಪ್ಟನ್ ಮತ್ತೆ ತಂಡ ಕಳಿಸಲು ಒಪ್ಪಲಿಲ್ಲ. ಶವ ಶತ್ರುವಿನ ಕೈಗೆ ಸಿಗಬಾರದೆಂದು ಕೆಲವೇ ದಿನಗಳಲ್ಲಿ ಅವನ ಸಂಗಾತಿಗಳೇ ಅಲ್ಲಿಗೆ ಹಾರಿ ಆ ಜಾಗಕ್ಕೆ ನೇಪಾಮ್ ಸುರಿದರು. ರೇಡಿಯೋದಲ್ಲಿ ಕ್ರೈಸ್ತ ಪ್ರಾರ್ಥನೆ ಹೇಳುತ್ತ ಸುರಿದರು. ಅವರಿಗೆ ಗೊತ್ತಿದ್ದ ಅಂತ್ಯಸಂಸ್ಕಾರ ಅಷ್ಟೇ ಆಗಿತ್ತು, ಅದನ್ನೇ ಮಾಡಿದರು.

1951ರ ಏಪ್ರಿಲ್ 13ರಂದು ಶ್ವೇತಭವನದಲ್ಲಿ ಟ್ರೂಮನ್ ಹಡ್ನರ್‌ಗೆ ಮೆಡಲ್ ಆಫ್ ಆನರ್ ತೊಡಿಸಿದಾಗ ಡೇಸಿ ಅಲ್ಲಿದ್ದಳು. ಬ್ರೌನ್‌ಗೆ ಮರಣೋತ್ತರವಾಗಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಬಂತು. ಅಂದಿನಿಂದ ಈ ಕಥೆಯನ್ನು ಹೇಳುವವರೆಲ್ಲ ಹಡ್ನರ್ ಇಳಿದ ಗಳಿಗೆಯಿಂದಲೇ ಶುರುಮಾಡುತ್ತಾರೆ. ಹಡ್ನರ್ ಮಾಡಿದ್ದು ಅಪ್ರತಿಮ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬ್ರೌನ್ ಎಂದರೆ ರಕ್ಷಿಸಲಾಗದೆ ಹೋದ ಗಾಯಾಳು ಎಂಬಷ್ಟಕ್ಕೆ ಕಥೆ ಮುಗಿದುಹೋಗುವುದು ನನಗೆ ಒಪ್ಪಿಗೆಯಿಲ್ಲ. ಬೋಗಿಗೆ ಸಾಮಾನು ತುಂಬಿ ಬಂದು ಓದಿದ ರಾತ್ರಿಗಳು, ಪೆನ್ಸಕೋಲಾದ ಬಾಡಿಗೆ ಕೋಣೆ, ಆ ನೇರ ಅಟ್ಟದ ಮೇಲೆ ಇಳಿದ ಒಂದೊಂದು ಇಳಿತ, ಇವೂ ಶೌರ್ಯದ ಲೆಕ್ಕಕ್ಕೇ ಸೇರಬೇಕು.

ಆ ಯುದ್ಧದಲ್ಲಿ ನಮ್ಮವರ ಹೆಜ್ಜೆಗಳೂ ಇವೆ. ಬ್ರೌನ್ ಬಿದ್ದ ವಾರದಲ್ಲೇ ಭಾರತದ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ತುಕಡಿ, ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ನೇತೃತ್ವದಲ್ಲಿ, ಪ್ಯಾಂಗ್‌ಯಾಂಗ್‌ನಿಂದ ಹಿಂದೆ ಸರಿಯುತ್ತಿತ್ತು. ಔಷಧಿ, ಉಪಕರಣ ಬಿಟ್ಟು ಬರಲು ಮನಸ್ಸಾಗದೆ ಹಳೆಯ ಉಗಿಬಂಡಿಯೊಂದನ್ನು ತಾವೇ ನಡೆಸಿಕೊಂಡು ಬಂದರು. 1953ರ ಕದನವಿರಾಮದ ನಂತರ, ತಾಯ್ನಾಡಿಗೆ ಮರಳಲು ಒಪ್ಪದ ಸಾವಿರಾರು ಯುದ್ಧಕೈದಿಗಳ ಗತಿ ಏನೆಂದು ನೋಡುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ಕೊಡಗಿನ ಕೆ. ಎಸ್. ತಿಮ್ಮಯ್ಯನವರು. ಎರಡೂ ಬಣಗಳ ಬೈಗುಳ ತಿಂದು ಆ ಕೆಲಸ ಮುಗಿಸಿದರು.

1973ರ ಫೆಬ್ರವರಿ 17ರಂದು ಬಾಸ್ಟನ್‌ನಲ್ಲಿ ಜೆಸ್ಸಿ ಎಲ್. ಬ್ರೌನ್ ಹೆಸರಿನ ಯುದ್ಧನೌಕೆ ಸೇವೆಗೆ ಸೇರಿತು. ಎರಡು ದಶಕ ದುಡಿದು ಮುಂದೆ ಈಜಿಪ್ಟಿನ ನೌಕಾಪಡೆಗೆ ಹೋಯಿತು. ಡೇಸಿ ಹ್ಯಾಟಿಸ್‌ಬರ್ಗ್‌ನಲ್ಲಿ ಶಾಲಾ ಶಿಕ್ಷಕಿಯಾದಳು. ಹಡ್ನರ್ ಅವಳ ಕುಟುಂಬದ ಸ್ನೇಹವನ್ನು ಕೊನೆಯವರೆಗೂ ಬಿಡಲಿಲ್ಲ. ಮತ್ತೆ ಬರುತ್ತೇವೆ ಎಂದು ಕೊಟ್ಟ ಮಾತೂ ಅವನನ್ನು ಬಿಡಲಿಲ್ಲ. 2013ರ ಜುಲೈನಲ್ಲಿ, 88ನೇ ವಯಸ್ಸಿನಲ್ಲಿ, ಗೆಳೆಯನ ಅಸ್ಥಿಯನ್ನು ಹುಡುಕಿ ತರಲು ಅವನು ಉತ್ತರ ಕೊರಿಯಾಕ್ಕೆ ಹೋದ. ಮಳೆಗಾಲ, ದಾರಿಗಳು ಕೊಚ್ಚಿಹೋಗಿದ್ದವು. ಸೆಪ್ಟೆಂಬರಿನಲ್ಲಿ ಬನ್ನಿ ಎಂದು ಅಲ್ಲಿನ ಅಧಿಕಾರಿಗಳು ಕಳಿಸಿದರು. 2017ರ ನವೆಂಬರಿನಲ್ಲಿ ಹಡ್ನರ್ ತೀರಿಕೊಂಡ. ಕೊರಿಯಾ ಯುದ್ಧದಿಂದ ಮನೆಗೆ ಬಾರದ ಅಮೆರಿಕನ್ನರ ಪಟ್ಟಿಯಲ್ಲಿ ಇಂದಿಗೂ 7,000ಕ್ಕೂ ಹೆಚ್ಚು ಹೆಸರುಗಳಿವೆ. ಎನ್‌ಸೈನ್ ಬ್ರೌನ್ ಹೆಸರೂ ಅದರಲ್ಲಿದೆ.