ಸಿಂಗಪುರದ ‘ರುದ್ರ’ ತಂಡವೂ ‘ಬ್ರಹ್ಮವಿದ್ಯಾ’ ಧ್ವನಿಮುದ್ರಿಕೆಯೂ



ಸಿಂಗಪುರದ ಇತಿಹಾಸವೆಂದೊಡನೆ ನಾವು ಸಾಮಾನ್ಯವಾಗಿ ರಾಫಲ್ಸನಿಂದ ಆರಂಭಿಸಿ ಬಂದರು, ರಬ್ಬರು, ಜಪಾನೀಯರ ಆಕ್ರಮಣ, 1965ರ ಸ್ವಾತಂತ್ರ್ಯ ಎಂದು ಮುಂದುವರಿಯುತ್ತೇವೆ. ಇಂದು ನಾವು ಆರಿಸಿಕೊಂಡಿರುವ ವಿಷಯ ಆ ಸಾಲಿಗೆ ಸೇರುವಂಥದಲ್ಲ. ಈ ನಗರದ ಭಾರತೀಯ ಮೂಲದ ತರುಣರು ಕಟ್ಟಿದ ‘ರುದ್ರ’ ಎಂಬ ರಾಕ್ ತಂಡವು 2005ರಲ್ಲಿ ಹೊರತಂದ ಒಂದು ಧ್ವನಿಮುದ್ರಿಕೆಯ ವೃತ್ತಾಂತವಿದು. ಅದರ ಹೆಸರು ‘ಬ್ರಹ್ಮವಿದ್ಯಾ: ಪ್ರೈಮಾರ್ಡಿಯಲ್ ಐ’. ರಾಕ್ ಸಂಗೀತದಲ್ಲಿಯೇ ಅತ್ಯಂತ ಕರ್ಕಶವೆನಿಸಿಕೊಂಡ ‘ಡೆತ್ ಮೆಟಲ್’ ಶೈಲಿಯಲ್ಲಿ ಉಪನಿಷತ್ತಿನ ಆತ್ಮವಿಚಾರವನ್ನು ಹೇಳಲು ಹೊರಟ ಕೃತಿ ಇದು. ಕೇಳಿದೊಡನೆ ನಗು ಬರಬಹುದು, ಕೆಲವರಿಗೆ ಸಿಟ್ಟೂ ಬಂದೀತು. ಎರಡನ್ನೂ ಸ್ವಲ್ಪ ಹೊತ್ತು ತಡೆದುಕೊಂಡು ಈ ವಿಷಯವನ್ನು ಪರಿಶೀಲಿಸಬೇಕೆಂದು ನಮ್ಮ ವಿನಂತಿ. ಏಕೆಂದರೆ ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಪ್ರತಿಯೊಂದು ಮನೆಯ ಪ್ರಶ್ನೆಯೂ ಇದರಲ್ಲಿ ಅಡಗಿದೆ: ಹಿರಿಯರಿಂದ ಬಂದದ್ದನ್ನು ಮುಂದಿನ ತಲೆಮಾರು ಯಾವ ದನಿಯಲ್ಲಿ ಆಡೀತು?

ಮೊದಲು ಕಾಲದ ಪರಿಸ್ಥಿತಿಯನ್ನು ನೋಡೋಣ. ರಾಕ್ ಸಂಗೀತವನ್ನು ಈ ದೇಶದ ಆಡಳಿತವು ಬಹುಕಾಲ ಸಂಶಯದ ಕಣ್ಣಿನಿಂದಲೇ ಕಂಡಿತು. 1972ರಲ್ಲಿ ಲೆಡ್ ಜೆಪ್ಪೆಲಿನ್ ತಂಡದವರು ಉದ್ದ ಕೂದಲಿನ ಕಾರಣದಿಂದ ಇಲ್ಲಿ ಹಾಡಲಾಗದೆ ಹೋದದ್ದು ಪ್ರಸಿದ್ಧ ಸಂಗತಿ. 1990ರ ದಶಕದ ಮೊದಲ ವರ್ಷಗಳಲ್ಲಿ, ಮೆಟಲ್ ಕಛೇರಿಗಳಲ್ಲಿ ಶ್ರೋತೃಗಳು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ ಕುಣಿಯುವ ‘ಸ್ಲ್ಯಾಮ್ ಡ್ಯಾನ್ಸಿಂಗ್’ ಎಂಬುದು ನಿಷೇಧಕ್ಕೆ ಒಳಗಾಯಿತು. ಇನ್ನೊಂದೆಡೆ, 1990ರಲ್ಲಿ ಅಂಗೀಕೃತವಾದ ಧಾರ್ಮಿಕ ಸೌಹಾರ್ದ ಪಾಲನೆಯ ಶಾಸನವು 1992ರಲ್ಲಿ ಜಾರಿಗೆ ಬಂದಿತು. ಧರ್ಮದ ಮಾತನ್ನು ಸಾರ್ವಜನಿಕವಾಗಿ ಆಡುವಾಗ ಅಳೆದು ತೂಗಿ ಆಡಬೇಕೆಂಬುದು ಇಲ್ಲಿಯ ಪ್ರಜೆಗಳಿಗೆ ಚೆನ್ನಾಗಿ ತಿಳಿದ ವಿಷಯ. ಕಾಕತಾಳೀಯವೋ ಏನೋ, ‘ರುದ್ರ’ ತಂಡ ಹುಟ್ಟಿದ್ದೂ ಆ 1992ರಲ್ಲಿಯೇ. ಗದ್ದಲದ ಸಂಗೀತ ಮತ್ತು ಧರ್ಮ, ಈ ಎರಡು ಸೂಕ್ಷ್ಮ ವಿಷಯಗಳನ್ನು ಒಂದೇ ವೇದಿಕೆಗೆ ತರಲು ಇದಕ್ಕಿಂತ ಪ್ರತಿಕೂಲವಾದ ಮುಹೂರ್ತವನ್ನು ಯಾವ ಜೋಯಿಸರೂ ಹುಡುಕಿಕೊಡಲಾರರು.

ತಂಡದ ಮೂಲಪುರುಷರಲ್ಲಿ ಬಾಸ್ ಗಿಟಾರ್ ನುಡಿಸುತ್ತ ಹಾಡುವ ಕದಿರೇಶನ್ ಮತ್ತು ಡ್ರಮ್ಸ್ ನುಡಿಸುವ ಶಿವಾನಂದ್ ಮುಖ್ಯರು. ಮೊದಲ ಧ್ವನಿಮುದ್ರಿಕೆ ‘ರುದ್ರ’ ಎಂಬ ಹೆಸರಿನಲ್ಲಿಯೇ 1998ರಲ್ಲಿ ಹೊರಬಂದಿತು. 2001ರಲ್ಲಿ ಬಂದ ಎರಡನೆಯದರ ಹೆಸರು ‘ದಿ ಆರ್ಯನ್ ಕ್ರುಸೇಡ್’. ಈ ಹೆಸರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಸಂಸ್ಕೃತದಲ್ಲಿ ‘ಆರ್ಯ’ ಎಂದರೆ ಶ್ರೇಷ್ಠನು, ಸಜ್ಜನನು. ತಂಡದವರ ಉದ್ದೇಶವೂ ಅದೇ ಅರ್ಥ. ಆದರೆ ಯೂರೋಪಿನ ಕಿವಿಗೆ ಆ ಪದ ಹಿಟ್ಲರನನ್ನು ನೆನಪಿಸುತ್ತದೆ, ತಮಿಳುನಾಡಿನ ಕಿವಿಗೆ ಆರ್ಯ-ದ್ರಾವಿಡ ವಾದವನ್ನು ನೆನಪಿಸುತ್ತದೆ. ಭಾರತೀಯರೆಂದರೆ ಬಹುಮಟ್ಟಿಗೆ ತಮಿಳರೆಂದೇ ಎಣಿಸಲಾಗುವ ನಾಡಿನ ಹುಡುಗರು ಅದೇ ಪದವನ್ನು ಎತ್ತಿಕೊಂಡದ್ದು ಸಣ್ಣ ಸಾಹಸವೇನಲ್ಲ. ಹೆಸರು ವಿವೇಕದ್ದಾಗಿತ್ತೆಂದು ನಾವು ಹೇಳಲಾರೆವು. ಅರ್ಥವನ್ನು ಪ್ರತಿಸಲವೂ ವಿವರಿಸಬೇಕಾಗುವ ಹೆಸರು ಅರ್ಧ ಸೋತ ಹೆಸರು. 2003ರಲ್ಲಿ ‘ಕುರುಕ್ಷೇತ್ರ’ ಬಂದಿತು. ತಮ್ಮ ಮಾರ್ಗಕ್ಕೆ ಅವರು ‘ವೇದಿಕ್ ಮೆಟಲ್’ ಎಂದು ಹೆಸರಿಟ್ಟುಕೊಂಡರು.

ಹೀಗೆ ಮೂರು ಮೆಟ್ಟಿಲು ಹತ್ತಿದ ಮೇಲೆ ಬಂದದ್ದು 2005ರ ‘ಬ್ರಹ್ಮವಿದ್ಯಾ’. ಇದರ ಹೆಸರಿನಲ್ಲಿಯೇ ಒಂದು ಚಮತ್ಕಾರವಿದೆ. ‘ಪ್ರೈಮಾರ್ಡಿಯಲ್ ಐ’ ಎಂಬಲ್ಲಿಯ ‘ಐ’ ಅಕ್ಷರವನ್ನು ಅಂಗಡಿಯಲ್ಲಿ ನೋಡಿದವರು ರೋಮನ್ ಅಂಕಿಯ ಒಂದು, ಅಂದರೆ ಮೊದಲನೆಯ ಭಾಗ, ಎಂದು ಓದಿದರೆ ಆಶ್ಚರ್ಯವಿಲ್ಲ. ಆದರೆ 2009ರಲ್ಲಿ ಬಂದ ಮುಂದಿನ ಭಾಗದ ಹೆಸರು ‘ಟ್ರಾನ್ಸೆಂಡೆಂಟಲ್ ಐ’, 2011ರದು ‘ಇಮ್ಮಾರ್ಟಲ್ ಐ’. ಅಲ್ಲಿ ಎರಡು, ಮೂರು ಎಂಬ ಅಂಕಿಗಳಿಲ್ಲ. ಆದುದರಿಂದ ಅದು ಅಂಕಿಯಲ್ಲ, ಇಂಗ್ಲಿಷಿನ ‘ನಾನು’. ಆದಿಯಲ್ಲಿದ್ದ ನಾನು, ಎಲ್ಲವನ್ನೂ ಮೀರಿದ ನಾನು, ಸಾವಿಲ್ಲದ ನಾನು. ಎಣಿಸುತ್ತ ಹೋದರೂ ಒಂದು ಎರಡಾಗುವುದಿಲ್ಲವೆಂಬ ಅದ್ವೈತವನ್ನು ಮೂರು ಸಿ.ಡಿ.ಗಳ ರಟ್ಟಿನ ಮೇಲೆಯೇ ಬರೆದಿಟ್ಟಂತಾಯಿತು. ಇಂಗ್ಲಿಷ್ ಭಾಷೆಯಲ್ಲಿ ಮಾತ್ರ ಸಾಧ್ಯವಾದ ಶ್ಲೇಷೆಯಿದು. ಸಂಸ್ಕೃತಕ್ಕೂ ಎಟುಕದು, ಕನ್ನಡಕ್ಕೂ ಎಟುಕದು. ಸಿಂಗಪುರದಲ್ಲಿ ಬೆಳೆದ ವೇದಾಂತಿಗೆ ಮಾತ್ರ ಹೊಳೆಯಬಹುದಾದ ಮಾತು ಎಂದರೆ ತಪ್ಪಾಗಲಾರದು. ಇದೇ ಧ್ವನಿಮುದ್ರಿಕೆಯಲ್ಲಿ ಶಂಕರ ಭಗವತ್ಪಾದರಿಗೆ ನಮಸ್ಕಾರ ಸಲ್ಲಿಸುವ ಹಾಡೂ ಉಂಟು. ತುಂಗಾತೀರದ ಶೃಂಗೇರಿಯನ್ನು ಬಲ್ಲ ನಮಗೆ, ಆ ಹೆಸರು ಇಷ್ಟು ದೂರದ ದ್ವೀಪದಲ್ಲಿ ಹೀಗೂ ಕೇಳಿಬಂದಿತಲ್ಲ ಎಂದು ಅಚ್ಚರಿಯಾಗುತ್ತದೆ.

ಇನ್ನು ಸಂಗೀತದ ವಿಷಯ. ಮೆಟಲ್ ಸಂಗೀತದಲ್ಲಿ ಗಿಟಾರಿನ ನಾದವನ್ನು ವಿದ್ಯುತ್ತಿನಿಂದ ಬೇಕೆಂದೇ ಒಡೆಯುತ್ತಾರೆ. ಹಾಗೆ ಒಡೆದ ನಾದದಲ್ಲಿ ಮೂರು ನಾಲ್ಕು ಸ್ವರಗಳನ್ನು ಕೂಡಿಸಿ ನುಡಿಸಿದರೆ ಕಲಸುಮೇಲೋಗರವಾಗುತ್ತದೆ. ಮುಖ್ಯವಾಗಿ ಗಾಂಧಾರವು ನಿಲ್ಲುವುದಿಲ್ಲ. ಆದ್ದರಿಂದ ವಾದಕರು ಆಧಾರಸ್ವರವನ್ನೂ ಅದರ ಪಂಚಮವನ್ನೂ ಮಾತ್ರ ಹಿಡಿಯುತ್ತಾರೆ. ‘ಪವರ್ ಕಾರ್ಡ್’ ಎಂದು ಅದಕ್ಕೆ ಹೆಸರು. ಸಂಗೀತ ಕಲಿತ ತಾಯಂದಿರು ಇಲ್ಲಿ ಒಂದು ಕ್ಷಣ ಯೋಚಿಸಬೇಕು. ಷಡ್ಜ, ಪಂಚಮ ಇವೆರಡೇ ತಾನೇ ನಮ್ಮ ತಂಬೂರಿಯ ಶ್ರುತಿ? ಮಗನ ಕೋಣೆಯಿಂದ ಕೇಳಿಬರುವ ಆ ಗುಡುಗು, ಲೆಕ್ಕದ ಪ್ರಕಾರ, ದೇವರ ಮನೆಯ ತಂಬೂರಿಯ ದೂರದ ದಾಯಾದಿ. ಸಂಸ್ಕೃತದ ಪಠಣವನ್ನು ಈ ನಾದದ ಪಕ್ಕದಲ್ಲಿ ಇರಿಸಿದಾಗ ಅಪಸ್ವರವಾಗದಿರುವುದಕ್ಕೆ ಇದೂ ಒಂದು ಕಾರಣವೆಂದು ನಮ್ಮ ಅಭಿಪ್ರಾಯ.

ಹಾಡುವ ಕಂಠ ಮಾತ್ರ ಬೇರೆಯೇ. ಡೆತ್ ಮೆಟಲ್ ಗಾಯಕನು ಗಂಟಲಿನಾಳದಿಂದ ಗರ್ಜಿಸುತ್ತಾನೆ. ಅದರಲ್ಲಿ ಸ್ವರದ ಏರಿಳಿತವಿಲ್ಲ. ವೇದಪಾಠಕ್ಕೋ ಉದಾತ್ತ, ಅನುದಾತ್ತ, ಸ್ವರಿತಗಳೇ ಪ್ರಾಣ. ಪಾಣಿನೀಯ ಶಿಕ್ಷೆಯು ಆರು ಬಗೆಯ ಅಧಮ ಪಾಠಕರನ್ನು ಹೆಸರಿಸುತ್ತದೆ: ರಾಗವಾಗಿ ಹಾಡುವವನು, ಅವಸರಪಡುವವನು, ತಲೆಯಲ್ಲಾಡಿಸುವವನು, ಬರೆದದ್ದನ್ನು ನೋಡಿ ಓದುವವನು, ಅರ್ಥವರಿಯದವನು, ಕ್ಷೀಣಕಂಠದವನು. ಮೆಟಲ್ ಗಾಯಕರು ಅವಸರದಲ್ಲಿಯೂ ತಲೆಯಲ್ಲಾಡಿಸುವುದರಲ್ಲಿಯೂ ಜಗತ್ಪ್ರಸಿದ್ಧರು. ಕ್ಷೀಣಕಂಠದ ಆರೋಪವನ್ನು ಅವರ ಮೇಲೆ ಶತ್ರುಗಳೂ ಹೊರಿಸಲಾರರು. ಉಳಿದದ್ದು ಅರ್ಥದ ಮಾತು. ಈ ತಂಡದ ಬೆಲೆಯನ್ನು ನಿರ್ಧರಿಸುವುದೂ ಅದೇ. ಕದಿರೇಶನ್ ಅವರು ಅದ್ವೈತ ವೇದಾಂತವನ್ನು ಗಂಭೀರವಾಗಿ ಅಭ್ಯಾಸ ಮಾಡಿದವರು; ದೇವತೆಗಳ ಹೆಸರನ್ನು ಅಲಂಕಾರಕ್ಕಾಗಿ ಎರವಲು ತಂದವರಲ್ಲ. ಮೆಟಲ್ ಲೋಕದಲ್ಲಿ ಪುರಾತನ ಧರ್ಮಗಳನ್ನು ವೇಷಭೂಷಣವಾಗಿ ಬಳಸುವವರು ಹೇರಳವಾಗಿದ್ದಾರೆ. ಅಲ್ಲಿ ಕಾಳಿಯೆಂದರೆ ಬರಿಯ ತಲೆಬುರುಡೆಗಳ ಚಿತ್ರ. ‘ರುದ್ರ’ ತಂಡದವರು ಯುದ್ಧ, ರಕ್ತಗಳಿಂದ ಮುಂದೆ ಹೋಗಿ ಅವಿದ್ಯೆ, ಸಾಕ್ಷಿ, ಮೋಕ್ಷಗಳವರೆಗೆ ಬಂದರು. ‘ಕುರುಕ್ಷೇತ್ರ’ದಿಂದ ‘ಬ್ರಹ್ಮವಿದ್ಯಾ’ಗೆ ಇಟ್ಟ ಹೆಜ್ಜೆಯೆಂದರೆ ಇದೇ.

ಇಂತಹ ಧ್ವನಿಮುದ್ರಿಕೆಗಳ ತಯಾರಿಕೆಯ ಕ್ರಮವನ್ನೂ ಸಂಕ್ಷೇಪವಾಗಿ ತಿಳಿಸುತ್ತೇವೆ. ಸಾಮಾನ್ಯವಾಗಿ ಮೊದಲು ಡ್ರಮ್ಸ್ ಮುದ್ರಿಸಿ, ಅದರ ಮೇಲೆ ಗಿಟಾರನ್ನು ಎರಡೆರಡು ಬಾರಿ ನುಡಿಸಿ ಒಂದನ್ನು ಎಡಗಿವಿಗೆ, ಮತ್ತೊಂದನ್ನು ಬಲಗಿವಿಗೆ ಹಂಚುತ್ತಾರೆ. ಕಂಠ ಬರುವುದು ಕೊನೆಗೆ. ಇಂತಹ ಸಂಗೀತದಿಂದ ಹೊಟ್ಟೆ ತುಂಬಿಸಿಕೊಳ್ಳುವುದು ಸಿಂಗಪುರದಂಥ ಸಣ್ಣ ಮಾರುಕಟ್ಟೆಯಲ್ಲಿ ಅಸಾಧ್ಯ; ಉದ್ಯೋಗವೊಂದನ್ನು ಹಿಡಿದು, ಸಂಜೆ ಮತ್ತು ರಜಾದಿನಗಳಲ್ಲಿ ಅಭ್ಯಾಸ ಮಾಡಬೇಕು. ಇಲ್ಲಿಯ ಹುಡುಗರಿಗೆ ಹದಿನೆಂಟು ತುಂಬುತ್ತಲೇ ನ್ಯಾಷನಲ್ ಸರ್ವಿಸ್ ಬೇರೆ ಇದೆ. ಅದೆಷ್ಟೋ ತಂಡಗಳು ಆ ಸೈನಿಕ ಸೇವೆಯ ವರ್ಷಗಳಲ್ಲಿಯೇ ಕರಗಿಹೋಗುತ್ತವೆ. ಬಿಡುಗಡೆಗೂ ಹೊರನಾಡಿನ ಸಣ್ಣ ಸಂಸ್ಥೆಗಳನ್ನೇ ಆಶ್ರಯಿಸಬೇಕಾಯಿತು. ‘ದಿ ಆರ್ಯನ್ ಕ್ರುಸೇಡ್’ ಪ್ರಕಟವಾದದ್ದು ಹಾಂಗ್‌ಕಾಂಗಿನ ಟ್ರಿನಿಟಿ ರೆಕಾರ್ಡ್ಸ್ ಮೂಲಕ. 2020ರ ಜನಗಣತಿಯ ಪ್ರಕಾರ ಸಿಂಗಪುರದ ನಿವಾಸಿಗಳಲ್ಲಿ ಭಾರತೀಯರು ಶೇಕಡಾ 9, ಹಿಂದೂ ಧರ್ಮೀಯರು ಶೇಕಡಾ 5. ಅವರಲ್ಲಿ ಡೆತ್ ಮೆಟಲ್ ಕೇಳುವವರೆಷ್ಟು ಮಂದಿ? ಸಂಸ್ಕೃತದ ಈ ಹಾಡುಗಳಿಗೆ ಹೊರದೇಶಗಳ ಅಪರಿಚಿತರೇ ಆಶ್ರಯವಾಗಬೇಕಾದದ್ದು ಸಹಜವೇ ಆಗಿದೆ.

ಪವಿತ್ರ ಗ್ರಂಥಕ್ಕೆ ಇದು ಅಪಚಾರವಲ್ಲವೇ ಎಂಬ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಇದಕ್ಕೆ ಉತ್ತರವಾಗಿ ಕೆಲವರು ನಮ್ಮ ಹರಿದಾಸರನ್ನು ಮುಂದಿಡಬಹುದು. ಪುರಂದರದಾಸರೂ ಕನಕದಾಸರೂ ವೇದಾಂತವನ್ನು ತಂಬೂರಿ ಗೆಜ್ಜೆಗಳೊಡನೆ ಬೀದಿಗೆ ತಂದಾಗ ಪಂಡಿತರು ಮೂಗು ಮುರಿಯಲಿಲ್ಲವೇ, ಎಂದು. ಹೋಲಿಕೆ ಆಕರ್ಷಕವಾದರೂ ಪೂರ್ತಿಯಾಗಿ ಒಪ್ಪುವಂಥದಲ್ಲ. ದಾಸರು ಸಂಸ್ಕೃತವನ್ನು ಬಿಟ್ಟು ಜನರ ಕನ್ನಡಕ್ಕೆ ಬಂದರು. ನೀರು ತರಲು ಹೋದ ಹೆಂಗಸಿಗೂ ಅವರ ಪದ ಅರ್ಥವಾಯಿತು. ‘ರುದ್ರ’ ತಂಡದಲ್ಲಿ ಸಂಸ್ಕೃತ ಸಂಸ್ಕೃತವಾಗಿಯೇ ಉಳಿದಿದೆ, ಇಂಗ್ಲಿಷ್ ಸಾಹಿತ್ಯವೂ ಗರ್ಜನೆಯಲ್ಲಿ ಮುಳುಗುತ್ತದೆ. ಸಿ.ಡಿ.ಯ ಜೊತೆಗಿರುವ ಪುಸ್ತಿಕೆಯನ್ನು ಕೈಯಲ್ಲಿ ಹಿಡಿಯದೆ ಇಂತಹ ಹಾಡಿನ ಮಾತು ತಿಳಿಯುವುದು ಕಷ್ಟ. ಆದರೆ ಇದರಿಂದ ಒಂದು ವಿಚಿತ್ರ ಫಲವೂ ಉಂಟು: ಈ ಸಂಗೀತದ ನಿಜವಾದ ಅಭಿಮಾನಿ ಓದುಗನಾಗಲೇಬೇಕು. ಫಿನ್ಲೆಂಡಿನಲ್ಲೋ ಬ್ರೆಜಿಲಿನಲ್ಲೋ ಒಬ್ಬ ಹುಡುಗ ಗಿಟಾರಿನ ಆಸೆಯಿಂದ ಸಿ.ಡಿ. ಕೊಂಡು, ‘ಅವಿದ್ಯೆ’ ಎಂದರೇನೆಂದು ಹುಡುಕುತ್ತ ಕುಳಿತರೆ ಅದನ್ನು ಅಪಚಾರವೆನ್ನಲು ನಮಗೆ ಮನಸ್ಸು ಬಾರದು.

ಭಾಷೆಯ ವಿಚಾರದಲ್ಲಿ ಇನ್ನೊಂದು ಮಾತು. ಈ ದೇಶದಲ್ಲಿ ಭಾರತೀಯರಿಗೆ ಅಧಿಕೃತ ಮಾತೃಭಾಷೆ ತಮಿಳು. 1990ರ ದಶಕದಿಂದ ಹಿಂದಿ, ಪಂಜಾಬಿ, ಬಂಗಾಳಿ, ಗುಜರಾತಿ, ಉರ್ದು ಭಾಷೆಗಳಿಗೂ ಶಾಲಾ ಪರೀಕ್ಷೆಗಳಲ್ಲಿ ಸ್ಥಾನ ದೊರೆಯಿತು. ಆ ಪಟ್ಟಿಯಲ್ಲಿ ಕನ್ನಡವಿಲ್ಲವೆಂಬುದು ಇಲ್ಲಿ ಕುಳಿತಿರುವ ತಂದೆತಾಯಿಗಳಿಗೆ ನಾವು ಹೇಳಬೇಕಾದ ಸಂಗತಿಯಲ್ಲ. ತಂಡದವರು ಶಾಲೆ ಒದಗಿಸಿದ ತಮಿಳನ್ನು ತಮ್ಮ ಮುಖ್ಯ ಹಾಡುಭಾಷೆಯಾಗಿ ಆರಿಸಲಿಲ್ಲ. ಶಾಲೆ ಕಲಿಸದಿದ್ದ ಸಂಸ್ಕೃತವನ್ನು ಆರಿಸಿಕೊಂಡರು. ರಾಷ್ಟ್ರೀಯ ಶಿಕ್ಷಣ ಸಂಸ್ಥೆಯ ವಿದ್ವಾಂಸ ಯೂಜೀನ್ ಡೈರಿಯನಾಥನ್ ಅವರು ಈ ತಂಡವನ್ನು ಕುರಿತು ಬರೆದ ಲೇಖನಗಳಲ್ಲಿ, ಸಿಂಗಪುರದ ದಕ್ಷಿಣ ಭಾರತೀಯ ಸಮುದಾಯದ ಅಸ್ಮಿತೆಯ ಪ್ರಶ್ನೆಯನ್ನೇ ಮುಖ್ಯವಾಗಿ ಎತ್ತಿಕೊಂಡಿದ್ದಾರೆ. ಪಠ್ಯಪುಸ್ತಕದಲ್ಲಿ ಇಲ್ಲದಿರುವುದನ್ನು ಮಕ್ಕಳು ತಾವಾಗಿ ಹುಡುಕಿಕೊಂಡು ಹೋಗುವುದುಂಟು. ಹಾಗೆ ಹೋದವರು ತಂದೆತಾಯಿಗಳು ಕಾಯುತ್ತಿದ್ದ ಬಾಗಿಲಿನಿಂದಲೇ ಮರಳಿ ಬರುತ್ತಾರೆಂಬ ಭರವಸೆ ಮಾತ್ರ ಇಲ್ಲ.

ಮುಂದಿನ ಕಥೆಯನ್ನು ಬೇಗ ಮುಗಿಸಬಹುದು. 2009ರ ಭಾಗದಲ್ಲಿ ಗೀತೆಯ ರಥವೂ ಅಷ್ಟಾವಕ್ರ ಮಹರ್ಷಿಯೂ ಬಂದರು. 2013ರಲ್ಲಿ ‘ಋತ’, 2016ರಲ್ಲಿ ‘ಎನಿಮಿ ಆಫ್ ಡ್ಯುಯಾಲಿಟಿ’, ಅಂದರೆ ದ್ವೈತದ ವೈರಿ, ಪ್ರಕಟವಾದವು. ಮಧ್ವಾಚಾರ್ಯರ ನಾಡಿನವರಾದ ನಮ್ಮಲ್ಲಿ ಕೆಲವರಿಗೆ ಈ ಕೊನೆಯ ಹೆಸರು ರುಚಿಸಲಿಕ್ಕಿಲ್ಲ. ಆ ಚರ್ಚೆಯನ್ನು ಉಪಾಹಾರದ ಹೊತ್ತಿಗೆ ಇಟ್ಟುಕೊಳ್ಳೋಣ. 2019ರ ಮಾರ್ಚ್ 7ರಂದು ಸ್ವೀಡನ್ನಿನ ‘ವಾಟೇನ್’ ಎಂಬ ಮೆಟಲ್ ತಂಡದ ಕಛೇರಿಯನ್ನು, ಕ್ರೈಸ್ತ ಸಮುದಾಯದ ಆಕ್ಷೇಪಗಳ ಹಿನ್ನೆಲೆಯಲ್ಲಿ, ಸಿಂಗಪುರದ ಅಧಿಕಾರಿಗಳು ಅದೇ ದಿನ ರದ್ದುಪಡಿಸಿದರು. ಅದೇ ನಗರದಲ್ಲಿ ಅದೇ ಬಗೆಯ ಸಂಗೀತವನ್ನು ನುಡಿಸುತ್ತ ‘ರುದ್ರ’ ತಂಡವು ಅಷ್ಟು ಹೊತ್ತಿಗೆ ಇಪ್ಪತ್ತೇಳು ವರ್ಷ ಕಳೆದಿತ್ತು. 2022ರಲ್ಲಿ ಅವರ ‘ಏಯ್ಟ್ ಮಹಾವಿದ್ಯಾಸ್’ ಹೊರಬಂದಿತು. 2016ರ ಧ್ವನಿಮುದ್ರಿಕೆಯನ್ನು ಪ್ರಕಟಿಸಿದವರು ಭಾರತದ ಟ್ರಾನ್ಸೆಂಡಿಂಗ್ ಆಬ್‌ಸ್ಕ್ಯೂರಿಟಿ ಸಂಸ್ಥೆಯವರು. 2007ರಲ್ಲಿ ಐರನ್ ಮೇಡನ್ ತಂಡಕ್ಕಾಗಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನೆರೆದಿದ್ದ ತರುಣರ ಪೈಕಿ ಕೆಲವರಾದರೂ ಆ ಹೊತ್ತಿಗೆ ಅದನ್ನು ತರಿಸಿಕೊಂಡು, ಶಂಕರರ ವೇದಾಂತವನ್ನು ಸಿಂಗಪುರದ ಇಂಗ್ಲಿಷಿನಲ್ಲಿ ಕೇಳಿರಬಹುದು.