ಮದ್ದಿನ ಮಿತಿ

ಕನ್ನಡದಲ್ಲಿ ರೋಗಿಗೆ ಕೊಡುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ಎರಡಕ್ಕೂ ಒಂದೇ ಹೆಸರು ಸಂದಿರುವುದು ಉಚಿತವೇ ಆಗಿದೆ. ಪ್ರಮಾಣವರಿತು ಪ್ರಯೋಗಿಸಿದರೆ ಕಾರ್ಯಸಿದ್ಧಿ, ಪ್ರಮಾಣ ತಪ್ಪಿದರೆ ಅನರ್ಥ ಎಂಬ ನಿಯಮವು ಎರಡಕ್ಕೂ ಸಮಾನವಷ್ಟೆ.

ತುಂಗಭದ್ರೆಯ ದಡದ ಹೊನ್ನಾಳಿಯು ಕೋವಿಮದ್ದಿನ ಹೊಗೆಯನ್ನು ಕಂಡ ಊರು. 1830–31ರ ನಗರದ ದಂಗೆಯಲ್ಲಿ ಇಲ್ಲಿನ ಕೋಟೆಯು ಬಂಡೆದ್ದವರ ಕೈಸೇರಿ, 1831ರಲ್ಲಿ ಅದರ ಮುಂದೆ ಕಾಳಗವಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಮೈಸೂರಿನ ಆಡಳಿತವೇ ಇಂಗ್ಲಿಷರ ವಶವಾಯಿತು. ಅಂದಿನ ಕೋವಿ ಫಿರಂಗಿಗಳಿಗೆಲ್ಲ ಕರಿಮದ್ದೊಂದೇ ಆಧಾರವಾಗಿದ್ದಿತು. ತೂಕದಲ್ಲಿ ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ ಎಂಬುದು ಅದರ ಪ್ರಸಿದ್ಧವಾದ ಪಾಕ. ಪಾಕವು ಒಂದೇ ಆದರೂ ಕಾಳು ಒಂದೇ ಅಲ್ಲ. ಸಣ್ಣ ಕಾಳು ಬೇಗ ಉರಿಯುವುದು, ದಪ್ಪ ಕಾಳು ತಡೆದು ಉರಿಯುವುದು. ಆದಕಾರಣ ರಂಜಕಕ್ಕೆ ನುಣ್ಣನೆಯ ಮದ್ದು, ಕೋವಿಗೆ ನಡುತರದ್ದು, ಫಿರಂಗಿಗೆ ದಪ್ಪ ಕಾಳಿನದು ಎಂದು ವಿಂಗಡವಾಯಿತು. ಹೊನ್ನಾಳಿಯು 1997ರವರೆಗೆ ಸೇರಿದ್ದ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, 2018ರಲ್ಲಿ ಹಾಳುಬಾವಿಯೊಂದರಿಂದ ಟಿಪ್ಪುವಿನ ಕಾಲದ ಸಾವಿರಕ್ಕೂ ಮಿಕ್ಕ ಕಬ್ಬಿಣದ ಬಾಣಗಳು ದೊರೆತವು. ಅವುಗಳೊಳಗೆ ಮದ್ದು ಇನ್ನೂ ಉಳಿದಿತ್ತು. ಬಾಣದ ಮದ್ದಾದರೋ ಒಮ್ಮೆಗೇ ಸಿಡಿಯದೆ ಉರಿಯುತ್ತ ತಳ್ಳಬೇಕು. ಹೀಗೆ ಮದ್ದನ್ನು ಆಯುಧಕ್ಕೆ ತಕ್ಕಂತೆ ಆರಿಸುವ ವಿವೇಕವು ಈ ಸೀಮೆಗೆ ಹೊಸದಲ್ಲ.

1884ರಲ್ಲಿ ಫ್ರಾನ್ಸಿನ ಪೌಲ್ ವಿಯೇಲನು ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ ಮೇಲೆ ಈ ವಿವೇಕದ ಅಗತ್ಯವು ಇನ್ನೂ ಹೆಚ್ಚಿತು. ಅದರ ಶಕ್ತಿಯು ಅದೇ ತೂಕದ ಕರಿಮದ್ದಿನ ಸುಮಾರು ಮೂರು ಪಟ್ಟು. 1935ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸ್ಸನ್ ಸಂಸ್ಥೆಯು .357 ಮ್ಯಾಗ್ನಂ ರಿವಾಲ್ವರನ್ನು ಹೊರತಂದಿತು. ಅದರ ತೋಟಾದ ಕೊಳವೆಯು ಹಿಂದಿನ .38 ಸ್ಪೆಷಲ್ ಕೊಳವೆಯನ್ನೇ ಅಂಗುಲದ ಎಂಟನೆಯ ಒಂದು ಪಾಲಿನಷ್ಟು ನೀಳಗೊಳಿಸಿದ್ದು. ಆ ಹಿಂದಿನದರ ಅಳತೆಯು ಕರಿಮದ್ದಿಗೆಂದು ಏರ್ಪಟ್ಟಿದ್ದಿತು. ಕರಿಮದ್ದನ್ನು ಕೊಳವೆಯ ತುಂಬ ತುಂಬುತ್ತಿದ್ದರು. ಹೊಸ ಮದ್ದು ಅಲ್ಪವಾಗಿ ಸಾಕಾಗಿ, ಒಳಗೆ ತೆರಪು ಉಳಿಯಿತು.

ತೋಟಾಗಳನ್ನು ತಾವೇ ತುಂಬಿಕೊಂಡು, ಪೂರ್ಣಬಲವನ್ನೊಲ್ಲದೆ ಸೌಮ್ಯವಾದ ಈಡನ್ನು ಬಯಸುವವರಿಗೆ ಈ ತೆರಪೇ ಕಂಟಕ. ಎಚ್ 110ರಂತಹ ನಿಧಾನದ ಮದ್ದು ಪೂರ್ಣಬಲಕ್ಕಾಗಿಯೇ ಆದುದು. ಅದನ್ನು ಕಡಿಮೆ ಮಾಡಿದರೆ ಉರಿ ಸಮವಾಗಿ ಹತ್ತದೆ ಗುಂಡು ನಳಿಗೆಯಲ್ಲಿಯೇ ನಿಲ್ಲಬಹುದು. ಅದನ್ನರಿಯದೆ ಮತ್ತೊಂದನ್ನು ಹಾರಿಸಿದರೆ ನಳಿಗೆಯೇ ಒಡೆಯಬಹುದು. ಅಲ್ಪವಾದ ಈಡು ಅಪಾಯರಹಿತವೆಂಬ ಭಾವನೆಯು ಇಲ್ಲಿ ಸುಳ್ಳಾಗುತ್ತದೆ. ಬುಲ್ಸ್‌ಐನಂತಹ ಶೀಘ್ರದ ಮದ್ದು ಸ್ವಲ್ಪದರಲ್ಲಿಯೇ ಚೆನ್ನಾಗಿ ಉರಿಯುವುದು. ಆದರೆ ಮರೆವಿನಿಂದ ಎರಡು ಬಾರಿ ಬಿದ್ದರೂ ಕೊಳವೆಯು ತುಂಬಿ ಚೆಲ್ಲದಾದುದರಿಂದ ತಪ್ಪು ಕಣ್ಣಿಗೆ ಬೀಳದು. ಇವೆರಡರ ನಡುವಣ ವೇಗದ ಯೂನಿಕ್‌ನಂತಹ ಮದ್ದು ಕೊಳವೆಯನ್ನು ಹೆಚ್ಚಾಗಿ ತುಂಬಿ, ಮಿತವಾದ ಒತ್ತಡದಲ್ಲಿ ಉರಿಯುವ ಕಾರಣ ಸೌಮ್ಯದ ಈಡಿಗೆ ರೂಢಿಯಾಯಿತು. ಅದಕ್ಕೂ ತಯಾರಕರು ಅಚ್ಚುಮಾಡಿದ ಕೋಷ್ಟಕವೇ ಪ್ರಮಾಣ. ಊಹೆಗೆ ಅಲ್ಲಿ ಎಡೆಯಿಲ್ಲ.

ಭಾರತದಲ್ಲಿ 1959ರ ಆಯುಧ ಕಾಯಿದೆಯ ಮೇರೆಗೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧವಾಗಿದೆ. ಕಾಯಿದೆಯು ಕೈಯನ್ನು ತಡೆಯಬಲ್ಲುದು. ಅಳತೆಯನ್ನು ಕಾಯುವವನು ತುಂಬುವವನೇ. ವೈದ್ಯನು ಔಷಧವನ್ನು ತೂಗುವಾಗ ಇನ್ನೊಮ್ಮೆ ನೋಡುವಂತೆ, ಅವನೂ ಪ್ರತಿಯೊಂದು ಕೊಳವೆಯೊಳಗೆ ಇಣಿಕಿ ನೋಡಿಯೇ ಗುಂಡನ್ನಿಡತಕ್ಕದ್ದು.